ಗಡಿ ನದಿಯೊಂದನ್ನು ಬೆಂಗಳೂರಿನಲ್ಲಿ ಕುಳಿತು ಓದುವ ಬಗೆ: ಮಹಾಕಾಳಿಯ ಉದಾಹರಣೆ

ಎರಡು ದೇಶಗಳ ನಡುವೆ ಹರಿಯುವ ನದಿಯ ಬಗ್ಗೆ ಪಾಠವನ್ನೋ ಪ್ರಬಂಧವನ್ನೋ ಸಿದ್ಧಪಡಿಸುವವರು ಸಾಮಾನ್ಯವಾಗಿ ಉಗಮದಿಂದ ಆರಂಭಿಸುತ್ತಾರೆ. ಭಾರತ–ನೇಪಾಳ ಗಡಿಯ ಮಹಾಕಾಳಿಯ ವಿಷಯದಲ್ಲಿ ಹಾಗೆ ಹೊರಟರೆ ಮೊದಲ ವಾಕ್ಯದಲ್ಲೇ ಎಡವಬೇಕಾಗುತ್ತದೆ, ಏಕೆಂದರೆ ಉಗಮ ಎಲ್ಲಿ ಎಂಬುದೇ ಅಲ್ಲಿನ ವಿವಾದ. ಆದ್ದರಿಂದ ಈ ನದಿಯನ್ನು ಬಯಲಿನಿಂದ ಬೆಟ್ಟದ ಕಡೆಗೆ, ಅಂದರೆ ನೀರಿಗೆ ಎದುರಾಗಿ ಓದುವುದು ಲೇಸು.

ಮೊದಲು ನಕ್ಷೆ ಮತ್ತು ಒಪ್ಪಂದಗಳ ಪಠ್ಯವನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಕಚೇರಿ ಕೋರಮಂಗಲದಲ್ಲಿದೆ. ಇಲಾಖೆಯ ಜಾಲತಾಣದಲ್ಲಿಯೂ ನಕ್ಷೆಗಳಿವೆ. ಗಡಿ ಪ್ರದೇಶದ ಕೆಲವು ಹಾಳೆಗಳು ಸಿಗದಿರಬಹುದು. ಅಂಥಲ್ಲಿ ಉಪಗ್ರಹ ಚಿತ್ರಗಳಿಂದ ಕಣಿವೆಯ ಆಕಾರವನ್ನಾದರೂ ತಿಳಿದುಕೊಳ್ಳಬಹುದು. ಒಪ್ಪಂದಗಳು ಮುಖ್ಯವಾಗಿ ಮೂರು: 1816ರ ಸುಗೌಲಿ ಒಪ್ಪಂದ, 1920ರ ಪತ್ರ ವ್ಯವಹಾರ, 1996ರ ಮಹಾಕಾಳಿ ಒಪ್ಪಂದ. ಇವುಗಳ ಬಗ್ಗೆ ಬೇರೆಯವರು ಬರೆದ ಲೇಖನಗಳನ್ನು ಓದುವ ಮೊದಲು ಮೂಲ ಪಠ್ಯಗಳನ್ನೇ ಓದಿ. ಸುಗೌಲಿ ಒಪ್ಪಂದವಂತೂ ಒಂದು ಕಾಫಿ ಮುಗಿಯುವಷ್ಟರಲ್ಲಿ ಓದಿ ಮುಗಿಸುವಷ್ಟು ಚಿಕ್ಕದು.

ಅನಂತರ ಹೆಸರುಗಳ ಪಟ್ಟಿ ಮಾಡಿಕೊಳ್ಳಿ. ಉತ್ತರಾಖಂಡದಲ್ಲಿ ಇದು ಕಾಳಿ, ನೇಪಾಳದಲ್ಲಿ ಮಹಾಕಾಳಿ, ಬಯಲಿಗೆ ಇಳಿದ ಮೇಲೆ ಶಾರದಾ. ಉತ್ತರ ಪ್ರದೇಶದಲ್ಲಿ ಘಾಘ್ರಾ ನದಿಯನ್ನು ಸೇರುತ್ತದೆ. ಈ ಪಟ್ಟಿ ಇಲ್ಲದಿದ್ದರೆ ಒಂದೇ ನದಿಯನ್ನು ಮೂರು ನದಿಗಳೆಂದು ಎಣಿಸುವ ಅಪಾಯವಿದೆ.

ಈಗ ಉತ್ತರಾಖಂಡದ ಬಯಲಂಚಿನ ಊರಾದ ಬನ್‌ಬಸಾದಿಂದ ಹೊರಡಬಹುದು. ಇಲ್ಲಿನ ಶಾರದಾ ಬ್ಯಾರೇಜ್ 1928ರಲ್ಲಿ ಪೂರ್ಣಗೊಂಡಿತು. ಅದಕ್ಕಾಗಿ 1920ರ ಪತ್ರ ವ್ಯವಹಾರದಂತೆ ನದಿಯ ಪೂರ್ವ ದಂಡೆಯಲ್ಲಿ ಸುಮಾರು 4,000 ಎಕರೆ ಭೂಮಿಯನ್ನು ನೇಪಾಳ ಬಿಟ್ಟುಕೊಟ್ಟು, ಅಷ್ಟೇ ಭೂಮಿಯನ್ನು ಬೇರೆಡೆ ಪಡೆಯಿತು. ಹಾಗಾಗಿ ಬ್ಯಾರೇಜಿನ ಬಳಿ ಗಡಿಯು ನದಿಯ ಜೊತೆ ಸಾಗುವುದಿಲ್ಲ. ಅದರ ಸಮೀಪದಲ್ಲೇ ಇನ್ನೂ ಸೋಜಿಗದ ಜಾಗವಿದೆ: ದೋಧಾರಾ–ಚಾಂದನಿ ಎಂಬ ನೇಪಾಳದ ಪ್ರದೇಶ ಮಹಾಕಾಳಿಯ ಪಶ್ಚಿಮಕ್ಕಿದೆ. ಅಲ್ಲಿನವರು ತಮ್ಮದೇ ದೇಶದ ಉಳಿದ ಭಾಗವನ್ನು ತಲುಪಲು ನದಿ ದಾಟಬೇಕು; ಒಂದು ಕಿಲೋಮೀಟರಿಗೂ ಉದ್ದವಾದ ತೂಗುಸೇತುವೆಗಳ ಸಾಲು ಇರುವುದು ಇದಕ್ಕಾಗಿಯೇ. ಪಠ್ಯಪುಸ್ತಕ 'ನದಿಯೇ ಗಡಿ' ಎಂದು ಹೇಳಿದಾಗಲೆಲ್ಲ ಈ ಊರನ್ನು ನಕ್ಷೆಯಲ್ಲಿ ಹುಡುಕಿಸುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸ. 1996ರ ಒಪ್ಪಂದ ಕೂಡ ಈ ನದಿಯನ್ನು ಪೂರ್ತಿಯಾಗಿ ಅಲ್ಲ, 'ಬಹುಭಾಗದಲ್ಲಿ' ಗಡಿ ನದಿ ಎಂದಷ್ಟೇ ಕರೆಯುತ್ತದೆ.

ಮೇಲಕ್ಕೆ ಹೋದಂತೆ ಟನಕ್‌ಪುರ, ಆಮೇಲೆ ಸರಯೂ ಬಂದು ಕೂಡುವ ಪಂಚೇಶ್ವರ, ಗೋರಿಗಂಗಾ ಕೂಡುವ ಜೌಲ್‌ಜೀಬಿ, ಧೌಲಿಗಂಗಾ ಕೂಡುವ ತವಾಘಾಟ್ ಸಿಗುತ್ತವೆ. ಜೌಲ್‌ಜೀಬಿಗೂ ತವಾಘಾಟಿಗೂ ನಡುವೆ ಭಾರತದ ಧಾರ್ಚುಲಾ, ಎದುರು ದಂಡೆಯಲ್ಲಿ ನೇಪಾಳದ ದಾರ್ಚುಲಾ. ನಡುವಿನ ತೂಗುಸೇತುವೆ ದಾಟಿದರೆ ಗಡಿಯಾರವನ್ನು 15 ನಿಮಿಷ ಮುಂದಕ್ಕೆ ತಿರುಗಿಸಬೇಕು. 2013ರ ಜೂನ್ ಪ್ರವಾಹದಲ್ಲಿ ನದಿ ಇಲ್ಲಿ ದಂಡೆಯನ್ನು ಕೊರೆದು ಅನೇಕ ಮನೆಗಳನ್ನು ಕೊಚ್ಚಿಕೊಂಡು ಹೋಯಿತು.

ಇಲ್ಲಿ ನಿಂತು ಸುಗೌಲಿ ಒಪ್ಪಂದವನ್ನು ತೆರೆಯಿರಿ. 1814ರಿಂದ 1816ರವರೆಗಿನ ಯುದ್ಧದ ಬಳಿಕ ಈಸ್ಟ್ ಇಂಡಿಯಾ ಕಂಪನಿಗೂ ನೇಪಾಳಕ್ಕೂ ಆದ ಒಪ್ಪಂದವಿದು. ಅದರ 5ನೆಯ ವಿಧಿಯಲ್ಲಿ ಕಾಳಿ ನದಿಯ ಪಶ್ಚಿಮದ ಪ್ರದೇಶಗಳ ಮೇಲಿನ ಹಕ್ಕನ್ನು ನೇಪಾಳದ ರಾಜ ಬಿಟ್ಟುಕೊಡುತ್ತಾನೆ. ಗಡಿ ಯಾವ ದಂಡೆಯಲ್ಲಿದೆ, ಅಥವಾ ನದಿಯ ನಡುವಿನಲ್ಲಿದೆಯೇ, ಮೇಲೆ ತೊರೆ ಕವಲೊಡೆದರೆ ಯಾವ ಕವಲು ಕಾಳಿ ಎಂಬ ವಿವರ ಅಲ್ಲಿಲ್ಲ. ಒಪ್ಪಂದವನ್ನು ಓದುವಾಗ ಅದು ಹೇಳದೆ ಬಿಟ್ಟಿದ್ದನ್ನೂ ಅಂಚಿನಲ್ಲಿ ಬರೆದುಕೊಳ್ಳಬೇಕೆಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ. ಬ್ರಿಟಿಷ್ ಸರ್ವೇಯರ್ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನಲ್ಲಿ 1804ರಷ್ಟು ಹಿಂದೆಯೇ ತನ್ನ ತ್ರಿಕೋನಮಿತಿ ಸರ್ವೆಗೆ ಆಧಾರರೇಖೆಯನ್ನು ಅಳೆಸಿದ್ದ. ಆದರೆ ಆ ಮಹಾ ಸರ್ವೆ ಹಿಮಾಲಯದ ಬುಡವನ್ನು ತಲುಪುವ ಮೊದಲೇ ಅಲ್ಲಿ ಗಡಿ ಬರೆದಾಗಿತ್ತು.

ತವಾಘಾಟಿನಿಂದ ಇನ್ನೂ ಮೇಲಿರುವ ಗುಂಜಿಯಲ್ಲಿ ಎರಡು ತೊರೆಗಳು ಕೂಡುತ್ತವೆ. ವಾಯವ್ಯದಿಂದ, ಲಿಂಪಿಯಾಧುರಾ ಕಡೆಯಿಂದ ಬರುವುದು ಕುಟಿ ಯಾಂಗ್ತಿ. ಪೂರ್ವದಿಂದ, ಕಾಲಾಪಾನಿ ಮತ್ತು ಲಿಪುಲೇಖ್ ಕಣಿವೆಮಾರ್ಗದ ಕಡೆಯಿಂದ ಬರುವುದು ಇನ್ನೊಂದು. ಮೊದಲನೆಯದೇ ಮೂಲ ಕಾಳಿ ಎಂಬುದು ನೇಪಾಳದ ವಾದ. ಕಾಲಾಪಾನಿಯ ಬುಗ್ಗೆಗಳಿಂದ ಕಾಳಿ ಆರಂಭವಾಗುತ್ತದೆ ಎಂಬುದು ಭಾರತದ ನಿಲುವು. ಲಿಪುಲೇಖ್ ಕಡೆಗಿನ ರಸ್ತೆಯನ್ನು ಭಾರತ 2020ರ ಮೇ ತಿಂಗಳಲ್ಲಿ ಉದ್ಘಾಟಿಸಿತು. ಅದೇ ತಿಂಗಳು ನೇಪಾಳ ಈ ಪ್ರದೇಶಗಳನ್ನು ತನ್ನವೆಂದು ತೋರಿಸುವ ಹೊಸ ನಕ್ಷೆ ಹೊರಡಿಸಿ, ಜೂನ್‌ನಲ್ಲಿ ಅದನ್ನು ಸಂವಿಧಾನಕ್ಕೆ ಸೇರಿಸಿತು. ಉದ್ದವಾದ ಕವಲೋ, ಹೆಚ್ಚು ನೀರಿನ ಕವಲೋ, ಜನ ಪೂಜಿಸುವ ಬುಗ್ಗೆಯೋ, ಯಾವುದು ಉಗಮ ಎಂಬ ಪ್ರಶ್ನೆ ತಲಕಾವೇರಿಯ ಕುಂಡಿಕೆಯಲ್ಲಿ ತೀರ್ಥೋದ್ಭವ ನೋಡಿದವರಿಗೆ ಹೊಸದೇನಲ್ಲ. ನಮ್ಮಲ್ಲಿ ಅದರ ಮೇಲೆ ದೇಶದ ಗಡಿ ನಿಂತಿಲ್ಲ, ಅಷ್ಟೆ. ಬರೆಯುವಾಗ ಎರಡೂ ವಾದಗಳನ್ನು ಯಾರದು ಎಂದು ಹೇಳಿಯೇ ಬರೆಯಿರಿ.

ನೀರಿನ ಲೆಕ್ಕವನ್ನು ಪ್ರತ್ಯೇಕ ಪುಟದಲ್ಲಿಡಿ. ಕೆಆರ್‌ಎಸ್ ಹೊರಹರಿವನ್ನು ದಿನಪತ್ರಿಕೆಯಲ್ಲಿ ನೋಡುವ ನಮಗೆ ಕ್ಯೂಸೆಕ್ ಅಪರಿಚಿತವಲ್ಲ. 1996ರ ಒಪ್ಪಂದದಂತೆ ಶಾರದಾ ಬ್ಯಾರೇಜಿನಿಂದ ನೇಪಾಳಕ್ಕೆ ಮೇ 15ರಿಂದ ಅಕ್ಟೋಬರ್ 15ರವರೆಗೆ 1,000 ಕ್ಯೂಸೆಕ್, ಉಳಿದ ಅವಧಿಯಲ್ಲಿ 150 ಕ್ಯೂಸೆಕ್ ಸಲ್ಲಬೇಕು. ದೋಧಾರಾ–ಚಾಂದನಿಗೆ ಬೇರೆಯಾಗಿ 350 ಕ್ಯೂಸೆಕ್ ಎಂದಿದೆ. ಅದೇ ಒಪ್ಪಂದದ ಪಂಚೇಶ್ವರ ಅಣೆಕಟ್ಟು ಮಾತ್ರ ಇನ್ನೂ ಕಟ್ಟಲ್ಪಟ್ಟಿಲ್ಲ.

ಕೊನೆಯ ಕೆಲಸ ನಕ್ಷೆ ಬರೆಯುವುದು. ಭಾರತದಲ್ಲಿ ಪ್ರಕಟಿಸುವ ನಕ್ಷೆಯ ಹೊರಗಡಿ ಸರ್ವೇಕ್ಷಣಾ ಇಲಾಖೆಯ ನಕ್ಷೆಗೆ ಹೊಂದಬೇಕು; ಹೊಂದದಿದ್ದರೆ 1961ರ ಕಾನೂನಿನಡಿ ಅದು ಅಪರಾಧ. ಜಾಲದಲ್ಲಿ ಸಿಕ್ಕ ಯಾವುದೋ ನಕ್ಷೆಯನ್ನು ನಕಲು ಮಾಡದೆ, ಇಲಾಖೆಯ ಬಾಹ್ಯರೇಖೆಯನ್ನು ಮೊದಲು ಎಳೆದುಕೊಂಡು, ಅದರೊಳಗೆ ಗುಂಜಿಯ ಎರಡೂ ತೊರೆಗಳನ್ನು ಹೆಸರಿನ ಸಮೇತ ತೋರಿಸಿ.