ಒಂದೇ ಔಷಧಿ: ಘಟ್ಟದ ಮೇಲೊಂದು ಲೆಕ್ಕ, ಕೆಳಗೊಂದು ಲೆಕ್ಕ

ಕೋಳಿಗೆ ಕೊಡುವ ಆ್ಯಂಟಿಬಯಾಟಿಕ್ ಬಾಟಲಿಯ ಮೇಲೆ ‘ಒಂದು ಲೀಟರ್ ನೀರಿಗೆ ಇಷ್ಟು’ ಎಂದು ಬರೆದಿರುತ್ತದೆ. ಕೋಳಿಯ ದೇಹ ಕೇಳುವುದು ‘ಒಂದು ಕಿಲೋ ತೂಕಕ್ಕೆ ಇಷ್ಟು’ ಎಂಬ ಲೆಕ್ಕವನ್ನು. ಹವೆ ಹದವಾಗಿದ್ದಾಗ ಈ ಎರಡು ಲೆಕ್ಕಗಳು ಹೆಚ್ಚುಕಡಿಮೆ ಹೊಂದುತ್ತವೆ. ಉತ್ತರ ಕನ್ನಡದಲ್ಲಿ ಅಂಥ ದಿನಗಳು ಕಡಿಮೆ. ಏಪ್ರಿಲ್‌ನ ಕುಮಟಾ, ಜುಲೈನ ಕುಮಟಾ, ಡಿಸೆಂಬರ್‌ನ ಶಿರಸಿ ಮೂರೂ ಒಂದೇ ಜಿಲ್ಲೆಯಲ್ಲಿವೆ. ಆದರೆ ಕೋಳಿಯ ಮಟ್ಟಿಗೆ ಅವು ಮೂರು ಬೇರೆ ಬೇರೆ ಲೋಕ.

ನನ್ನ ಬ್ರಾಯ್ಲರ್ ಶೆಡ್‌ಗಳು ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿಯ ಕಡೆಗಿವೆ. ದೇವಿಮನೆ ಘಟ್ಟ ಹತ್ತಿದರೆ ಶಿರಸಿ ಸೀಮೆಯಲ್ಲಿ ನನ್ನ ಭಾವನ ಶೆಡ್ ಇದೆ. ನಾವಿಬ್ಬರೂ ಮರಿ ತರಿಸುವುದು ಒಂದೇ ಕಡೆಯಿಂದ, ತೋರಿಸುವುದು ಒಬ್ಬರೇ ಪಶುವೈದ್ಯರಿಗೆ. ಅವರು ಬರೆದುಕೊಟ್ಟ ಒಂದೇ ಔಷಧಿ ಎರಡು ಶೆಡ್‌ಗಳಲ್ಲಿ ಎರಡು ಬಗೆಯಾಗಿ ಕೆಲಸ ಮಾಡುವುದನ್ನು ನೋಡುತ್ತ ನೋಡುತ್ತ ನಾನು ನೀರಿನ ಲೆಕ್ಕ ಇಡಲು ಶುರು ಮಾಡಿದೆ. ಟ್ಯಾಂಕಿನಿಂದ ಶೆಡ್ಡಿಗೆ ಹೋಗುವ ಪೈಪಿಗೆ ಮನೆಗಳಿಗೆ ಹಾಕುವಂಥದ್ದೇ ಒಂದು ಸಾಧಾರಣ ಮೀಟರ್ ಕೂರಿಸಿದೆ. ಬೆಳಿಗ್ಗೆ ಮತ್ತು ಸಂಜೆ ಅದನ್ನು ಓದಿ, ಪಕ್ಕದಲ್ಲಿ ಶೆಡ್ಡಿನ ಉಷ್ಣಾಂಶ ಮತ್ತು ತೇವಾಂಶವನ್ನು ಬರೆದಿಡುತ್ತೇನೆ. ಇಲ್ಲಿ ಹೇಳುವುದೆಲ್ಲ ಆ ಪುಸ್ತಕದಿಂದ ಹುಟ್ಟಿದ್ದು.

ಸುಮಾರು 21 ಡಿಗ್ರಿ ಸೆಲ್ಸಿಯಸ್ ಹವೆಯಲ್ಲಿ ಕೋಳಿ ತಾನು ತಿಂದ ಆಹಾರದ ತೂಕದ ಹೆಚ್ಚುಕಡಿಮೆ ಎರಡರಷ್ಟು ನೀರು ಕುಡಿಯುತ್ತದೆ. ಅದಕ್ಕಿಂತ ಮೇಲೆ ಏರುವ ಒಂದೊಂದು ಡಿಗ್ರಿಗೂ ಕುಡಿಯುವ ನೀರು ಶೇ 6ರಿಂದ 7ರಷ್ಟು ಹೆಚ್ಚುತ್ತದೆ, ತಿನ್ನುವ ಆಹಾರ ಇಳಿಯುತ್ತದೆ. ಇದನ್ನು ಔಷಧಿಗೆ ಅನ್ವಯಿಸಿ ನೋಡೋಣ. ಮೂರು ವಾರದ ಹತ್ತಿರದ, ಸರಾಸರಿ 800 ಗ್ರಾಂ ತೂಕದ 2,000 ಕೋಳಿಗಳಿವೆ ಎಂದುಕೊಳ್ಳಿ. ಒಟ್ಟು ತೂಕ 1,600 ಕಿಲೋ. ಎನ್ರೋಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್‌ನ ಪ್ರಮಾಣ ದಿನಕ್ಕೆ ಕಿಲೋಗೆ 10 ಮಿಲಿಗ್ರಾಂ. ಅಂದರೆ ಇಡೀ ಶೆಡ್ಡಿಗೆ 16 ಗ್ರಾಂ, ಶೇ 10ರ ದ್ರಾವಣದಲ್ಲಿ 160 ಮಿಲಿಲೀಟರ್. ಇದನ್ನು ಬಿಟ್ಟು ಲೀಟರಿಗೆ ಅರ್ಧ ಮಿಲಿಲೀಟರ್ ಎಂಬ ಲೆಕ್ಕ ಹಿಡಿದರೆ ಏನಾಗುತ್ತದೆ? ತಂಪು ಹೊತ್ತಿನಲ್ಲಿ ಆ ಕೋಳಿಗಳು ದಿನಕ್ಕೆ ಸುಮಾರು 360 ಲೀಟರ್ ಕುಡಿಯುತ್ತವೆ. ಹೊಟ್ಟೆಗೆ ಹೋಗುವುದು 18 ಗ್ರಾಂ, ತೊಂದರೆಯಿಲ್ಲ. ಏಪ್ರಿಲ್‌ನ 34 ಡಿಗ್ರಿಯಲ್ಲಿ ಅವೇ ಕೋಳಿಗಳು 640 ಲೀಟರಿನಷ್ಟು ಕುಡಿದರೆ ಒಳಗೆ ಹೋಗುವುದು 32 ಗ್ರಾಂ. ಬೇಕಾದುದರ ಎರಡರಷ್ಟು.

ಇನ್ನೊಂದು ತುದಿಯೂ ಇದೆ, ಅದನ್ನು ಯಾರೂ ಗಮನಿಸುವುದಿಲ್ಲ. ಶಿರಸಿಯ ಚಳಿಯಲ್ಲಿ 1.8 ಕಿಲೋ ತೂಗುವ ಕೋಳಿ ದಿನಕ್ಕೆ 300 ಮಿಲಿಲೀಟರ್ ಕುಡಿದರೆ, ಅದೇ ಲೀಟರ್ ಲೆಕ್ಕದಲ್ಲಿ ಅದಕ್ಕೆ ಸಿಗುವುದು ಕಿಲೋಗೆ 8 ಮಿಲಿಗ್ರಾಂ ಚಿಲ್ಲರೆ. ಜ್ವರ ಬಂದ ಕೋಳಿ ಇನ್ನೂ ಕಡಿಮೆ ಕುಡಿಯುತ್ತದೆ. ಹೀಗೆ ಅರೆಬರೆ ಔಷಧಿ ಬಿದ್ದ ಶೆಡ್ಡಿನಲ್ಲಿ ರೋಗಾಣು ಸಾಯದೆ ಉಳಿದು, ಅದೇ ಔಷಧಿಯನ್ನು ತಡೆದುಕೊಳ್ಳುವುದನ್ನು ಕಲಿಯುತ್ತದೆ. ಆಮೇಲೆ ‘ಈ ಔಷಧಿಯಲ್ಲಿ ಈಗ ದಮ್ಮಿಲ್ಲ’ ಎಂದು ಅದಕ್ಕಿಂತ ಜೋರಿನದಕ್ಕೆ ಕೈಹಾಕುತ್ತಾರೆ. ಮನುಷ್ಯರ ಜೀವ ಉಳಿಸುವ ಕೊನೆಯ ಆಸರೆಗಳಲ್ಲಿ ಒಂದಾದ ಕೊಲಿಸ್ಟಿನ್ ಈ ದಾರಿಯಲ್ಲೇ ಕೋಳಿ ಶೆಡ್ಡಿಗೆ ಇಳಿದಿತ್ತು. 2019ರಲ್ಲಿ ಕೇಂದ್ರ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ನಿಷೇಧಿಸಿತು. ಅದು ಸರಿಯಾದ ನಿರ್ಧಾರ ಎಂದು ಕೋಳಿ ಸಾಕುವವನಾಗಿಯೇ ಹೇಳುತ್ತೇನೆ.

ಆದ್ದರಿಂದ ನಾನು ಲೀಟರಿನ ಲೆಕ್ಕವನ್ನು ಬಿಟ್ಟುಬಿಟ್ಟಿದ್ದೇನೆ. ಔಷಧಿ ಕೊಡುವ ದಿನ ಬೆಳಿಗ್ಗೆ ಶೆಡ್ಡಿನ ನಾಲ್ಕು ಮೂಲೆ ಮತ್ತು ನಡುವಿನಿಂದ ಕೋಳಿ ಹಿಡಿದು ತೂಗುತ್ತೇವೆ. ಒಟ್ಟು ತೂಕದಿಂದ ಆ ದಿನದ ಔಷಧಿ ಎಷ್ಟು ಎಂದು ತೆಗೆದು, ಹಿಂದಿನ ದಿನದ ಮೀಟರ್ ನೋಡಿ, ಬೆಳಗಿನ ನಾಲ್ಕೈದು ಗಂಟೆಗಳಲ್ಲಿ ಅವು ಕುಡಿದು ಮುಗಿಸುವಷ್ಟು ನೀರಿಗೆ ಮಾತ್ರ ಬೆರೆಸುತ್ತೇವೆ. ಎನ್ರೋಫ್ಲಾಕ್ಸಾಸಿನ್‌ಗೆ ಈ ಪದ್ಧತಿ ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ರಕ್ತದಲ್ಲಿ ಒಮ್ಮೆ ಎತ್ತರಕ್ಕೆ ಏರಿದಾಗಲೇ ಅದರ ಹೊಡೆತ ಜೋರು. ಅಮಾಕ್ಸಿಸಿಲಿನ್ ಹಾಗಲ್ಲ. ಅದು ದಿನವಿಡೀ ರಕ್ತದಲ್ಲಿ ಇರಬೇಕು, ಆದರೆ ಬಿಸಿ ನೀರಿನಲ್ಲಿ ಬೇಗ ಕೆಡುತ್ತದೆ. ಬೇಸಿಗೆಯಲ್ಲಿ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನ ನೀರು ಮಧ್ಯಾಹ್ನ ಮುಟ್ಟಲಾಗದಷ್ಟು ಕಾಯುತ್ತದೆ. ಟ್ಯಾಂಕಿಗೆ ಅಡಿಕೆ ಸೋಗೆಯ ಚಪ್ಪರ ಹಾಕಿ, ಅಮಾಕ್ಸಿಸಿಲಿನ್ ಆದರೆ ದಿನಕ್ಕೆರಡು ಸಲ ಹೊಸದಾಗಿ ಬೆರೆಸುತ್ತೇವೆ. ಚಳಿಗಾಲದಲ್ಲಿ ಔಷಧಿಗೆ ಮೊದಲು ಒಂದು ಗಂಟೆ ನೀರು ನಿಲ್ಲಿಸಿ ಬಾಯಾರಿಕೆ ಬರಿಸುವುದುಂಟು. ಏಪ್ರಿಲ್, ಮೇ ತಿಂಗಳಲ್ಲಿ ಒಂದು ಗಳಿಗೆಯೂ ನೀರು ನಿಲ್ಲಿಸಕೂಡದು. ದೀಪ ಹಾಕಿದೊಡನೆ ಕೋಳಿಗಳು ತಾವಾಗಿಯೇ ನೀರಿಗೆ ಮುಗಿಬೀಳುತ್ತವೆ, ಆ ಹೊತ್ತನ್ನೇ ಬಳಸಿಕೊಂಡರೆ ಸಾಕು.

ಇಷ್ಟು ಒಳಗೆ ಹೋಗುವ ಮಾತು. ಹೊರಗೆ ಬರುವುದೂ ಋತುವಿನ ಕೈಯಲ್ಲೇ ಇದೆ. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಅದರ ಮೈಯ ಬಿಸಿ ಸಹಜವಾಗಿಯೇ 41 ಡಿಗ್ರಿಯ ಆಸುಪಾಸು. ಸೆಕೆ ಏರಿದಾಗ ಬಾಯಿ ತೆರೆದು ಏದುಸಿರು ಬಿಡುತ್ತದೆ, ರಕ್ತವನ್ನು ಜುಟ್ಟು, ಕಾಲು, ಚರ್ಮದ ಕಡೆಗೆ ಹೆಚ್ಚಾಗಿ ಹರಿಸಿ ಬಿಸಿಯನ್ನು ಹೊರಹಾಕುತ್ತದೆ. ಅಷ್ಟರಮಟ್ಟಿಗೆ ಕರುಳಿಗೆ, ಯಕೃತ್ತಿಗೆ, ಮೂತ್ರಪಿಂಡಕ್ಕೆ ರಕ್ತ ಕಡಿಮೆಯಾಗುತ್ತದೆ. ಔಷಧಿಯನ್ನು ಒಡೆಯುವುದು ಯಕೃತ್ತು, ಹೊರಹಾಕುವುದು ಬಹುಪಾಲು ಮೂತ್ರಪಿಂಡ ಮತ್ತು ಪಿತ್ತರಸ. ಅವುಗಳಿಗೆ ರಕ್ತ ಕಡಿಮೆಯಾದರೆ ಕೆಲಸ ನಿಧಾನವಾಗಬಹುದು. ಎನ್ರೋಫ್ಲಾಕ್ಸಾಸಿನ್ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಯಕೃತ್ತು ಅದರ ಒಂದು ಪಾಲನ್ನು ಸಿಪ್ರೊಫ್ಲಾಕ್ಸಾಸಿನ್ ಆಗಿ ಬದಲಿಸುತ್ತದೆ. ಅದು ನಮಗೆ ಕೊಡುವ ಆ್ಯಂಟಿಬಯಾಟಿಕ್ಕೇ. ಹೀಗಾಗಿ ಮಾಂಸದಲ್ಲಿ ಔಷಧಿಯ ಉಳಿಕೆ ಇದೆಯೇ ಎಂದು ಪರೀಕ್ಷಿಸುವಾಗ ಎರಡನ್ನೂ ನೋಡಬೇಕಾಗುತ್ತದೆ.

ಸಲ್ಫಾ ಗುಂಪಿನ ಔಷಧಿಗಳಲ್ಲಿ ಬೇಸಿಗೆಯ ಅಪಾಯ ಕಣ್ಣಿಗೇ ಕಾಣುತ್ತದೆ. ರಕ್ತಭೇದಿಗೆ ಕೊಡುವ ಸಲ್ಫಾವನ್ನು ಸೆಕೆಯ ದಿನಗಳಲ್ಲಿ ಕೋಳಿಗಳು ಅಳತೆ ಮೀರಿ ಕುಡಿದರೆ, ಚರ್ಮದಡಿ ಮತ್ತು ಸ್ನಾಯುಗಳಲ್ಲಿ ರಕ್ತಸ್ರಾವದ ಚುಕ್ಕೆಗಳು ಏಳುತ್ತವೆ, ಮೂತ್ರಪಿಂಡ ಹಾಳಾಗುತ್ತದೆ. ಮೇ ತಿಂಗಳಲ್ಲಿ ಆ ಔಷಧಿ ಬೇಕೇ ಬೇಕಾದರೆ ವೈದ್ಯರು ಶೆಡ್ಡಿಗೆ ಬಂದು ನೋಡಿದ ನಂತರವೇ ಮುಟ್ಟುತ್ತೇನೆ.

ಬೇಸಿಗೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಬೇಡದ ಔಷಧಿ. ಮಧ್ಯಾಹ್ನ ಶೆಡ್ಡಿನ ತುಂಬ ಕೋಳಿಗಳು ಬಾಯಿ ತೆರೆದು ನಿಂತಿದ್ದರೆ ಉಸಿರಾಟದ ರೋಗ ಎಂದು ಹೆದರಿ ಔಷಧಿ ಸುರಿಯುವವರು ನಮ್ಮ ಕಡೆ ಬೇಕಾದಷ್ಟು ಜನರಿದ್ದಾರೆ. ನಮ್ಮ ಕರಾವಳಿಯಲ್ಲಿ 34 ಡಿಗ್ರಿ ಎಂದರೆ ಫ್ಯಾರನ್‌ಹೀಟ್‌ನಲ್ಲಿ 93. ಅದಕ್ಕೆ ಶೇ 75ರ ತೇವಾಂಶ ಕೂಡಿಸಿದರೆ 168. ಈ ಮೊತ್ತ 160 ದಾಟಿದರೆ ಕೋಳಿಗೆ ಸಂಕಟ ಎಂಬುದು ಸಾಕಣೆಯಲ್ಲಿ ರೂಢಿಯ ಲೆಕ್ಕ. ಆ ಸಂಕಟಕ್ಕೆ ಬೇಕಾದದ್ದು ಫ್ಯಾನ್, ತಣ್ಣೀರು ಮತ್ತು ಜಾಗ. ರೋಗವೋ ಸೆಕೆಯೋ ಎಂದು ತಿಳಿಯಲು ನಾನು ರಾತ್ರಿ ದೀಪ ಆರಿಸಿ ಶೆಡ್ಡಿನೊಳಗೆ ಸುಮ್ಮನೆ ನಿಲ್ಲುತ್ತೇನೆ. ಸೆಕೆಯ ಏದುಸಿರು ತಂಪಾಗುತ್ತ ಬಂದಂತೆ ಅಡಗುತ್ತದೆ. ರೋಗವಿದ್ದರೆ ಕತ್ತಲಲ್ಲಿ ಅಲ್ಲಲ್ಲಿ ಗೊರಗೊರ ಸದ್ದು, ಸೀನು, ತಲೆ ಕೊಡವುವ ಸಪ್ಪಳ ಕೇಳುತ್ತದೆ. ಟಾರ್ಚ್ ಹಿಡಿದು ನೋಡಿದರೆ ಆ ಕೋಳಿಯ ಮೂಗಿನ ಹೊಳ್ಳೆಯ ಸುತ್ತ ಧೂಳು ಅಂಟಿ ಗಟ್ಟಿಯಾಗಿರುತ್ತದೆ, ಕಣ್ಣಿನ ಮೂಲೆಯಲ್ಲಿ ನೊರೆ ಇರುತ್ತದೆ. ಆಗಲೂ ಮೊದಲು ವೈದ್ಯರನ್ನು ಕೇಳುತ್ತೇನೆ, ಏಕೆಂದರೆ ರಾಣಿಕೇತ್‌ನಂತಹ ವೈರಸ್ ರೋಗಕ್ಕೆ ಆ್ಯಂಟಿಬಯಾಟಿಕ್ ನಾಟುವುದಿಲ್ಲ.

ನೀರಿನ ಗುಣವೂ ಋತುವಿನೊಂದಿಗೆ ಬದಲಾಗುತ್ತದೆ. ಮಳೆಗಾಲದಲ್ಲಿ ನಮ್ಮ ಚಿರೇಕಲ್ಲಿನ ನೆಲದ ತೆರೆದ ಬಾವಿಯ ನೀರು ಮೆದುವಾಗಿರುತ್ತದೆ. ಏಪ್ರಿಲ್‌ನಲ್ಲಿ ಬಾವಿ ತಳ ಕಂಡಾಗ ಕೊಳವೆ ಬಾವಿಯ ನೀರೇ ಗತಿ. ಅದರಲ್ಲಿ ಕಬ್ಬಿಣದ ಅಂಶ ಎಷ್ಟೆಂದರೆ ಬಿಳಿ ಬಟ್ಟೆ ಒಗೆದರೆ ಕೆಂಪಾಗುತ್ತದೆ. ಹೊಳೆಯ ಬಾಯಿಗೆ ಹತ್ತಿರದ ತೋಟಗಳಲ್ಲಿ ಉಪ್ಪೂ ಸೇರುತ್ತದೆ. ಕಬ್ಬಿಣ, ಕ್ಯಾಲ್ಸಿಯಂ, ಮೆಗ್ನೀಸಿಯಂ ಮೂರೂ ಟೆಟ್ರಾಸೈಕ್ಲಿನ್ ಗುಂಪಿನ ಔಷಧಿಗಳನ್ನೂ ಎನ್ರೋಫ್ಲಾಕ್ಸಾಸಿನ್‌ನನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಹಾಗೆ ಕಟ್ಟಿಹೋದ ಔಷಧಿಯನ್ನು ಕರುಳು ಹೀರುವುದಿಲ್ಲ, ಅದು ಹಿಕ್ಕೆಯೊಂದಿಗೆ ಹೊರಗೆ ಹೋಗುತ್ತದೆ. ಟೆಟ್ರಾಸೈಕ್ಲಿನ್‌ಗೆ ಸ್ವಲ್ಪ ಸಿಟ್ರಿಕ್ ಆಮ್ಲ ಬೆರೆಸಿದರೆ ಅನುಕೂಲ. ಎನ್ರೋಫ್ಲಾಕ್ಸಾಸಿನ್‌ಗೆ ಅದನ್ನೇ ಬೆರೆಸಿದರೆ ಔಷಧಿ ಒಡೆದು ತಳಕ್ಕೆ ಕೂರುತ್ತದೆ. ಹೀಗಾಗಿ ಟ್ಯಾಂಕಿಗೆ ಹಾಕುವ ಮೊದಲು ಗಾಜಿನ ಬಾಟಲಿಯಲ್ಲಿ ಅದೇ ನೀರು, ಅದೇ ಪ್ರಮಾಣದಲ್ಲಿ ಔಷಧಿ ಬೆರೆಸಿ ಅರ್ಧ ಗಂಟೆ ಬಿಟ್ಟು ಬೆಳಕಿಗೆ ಹಿಡಿಯುತ್ತೇನೆ. ನೀರು ಮೊಸರೊಡೆದ ಹಾಗೆ ಕಂಡರೆ, ತಳದಲ್ಲಿ ಬಿಳಿಯ ಕಣ ತೇಲಾಡಿದರೆ ಆ ನೀರು ಆಗದು. ಬಾವಿಯ ನೀರನ್ನು ಔಷಧಿಗೆಂದೇ ಬೇರೆ ಡ್ರಮ್ಮಿನಲ್ಲಿ ಉಳಿಸಿಕೊಳ್ಳುವುದು ಇದಕ್ಕಾಗಿಯೇ. ಬಾಟಲಿ ತಿಳಿಯಾಗಿ ಕಂಡಿತೆಂದರೆ ಔಷಧಿ ಪೂರ್ತಿ ದಕ್ಕುತ್ತದೆ ಎಂದೇನಲ್ಲ, ಆದರೆ ಕೆಟ್ಟ ನೀರನ್ನು ಬೇಗ ಹಿಡಿದುಕೊಡುತ್ತದೆ. ಔಷಧಿಯ ಹೊತ್ತಿನಲ್ಲಿ ನೀರಿಗೆ ಕ್ಲೋರಿನ್ ಹಾಕುವುದನ್ನೂ ನಿಲ್ಲಿಸುತ್ತೇವೆ.

ಮಳೆಗಾಲದ ಕಾಟ ಬೇರೆ ರೀತಿಯದು. ತೇವಕ್ಕೆ ಫೀಡ್ ಮುಗ್ಗಿದರೆ ಅಫ್ಲಾಟಾಕ್ಸಿನ್ ಎಂಬ ಬೂಸ್ಟಿನ ವಿಷ ಹುಟ್ಟುತ್ತದೆ, ಅದು ಮೊದಲು ಹೊಡೆಯುವುದು ಯಕೃತ್ತಿಗೆ. ಸತ್ತ ಕೋಳಿಯನ್ನು ವೈದ್ಯರು ಕೊಯ್ದಾಗ ಯಕೃತ್ತು ಹಳದಿಗಟ್ಟಿ ಊದಿಕೊಂಡಿದ್ದರೆ ಔಷಧಿಯನ್ನು ಒಡೆಯುವ ಶಕ್ತಿಯೂ ಕುಂದಿದೆ ಎಂದೇ ತಿಳಿಯಬೇಕು. ಆ ವಿಷಕ್ಕೆ ಪರಿಹಾರವೆಂದು ಫೀಡಿಗೆ ಬೆರೆಸುವ ಬೆಂಟೊನೈಟ್ ಜೇಡಿ ಟೈಲೋಸಿನ್‌ನಂತಹ ಔಷಧಿಯನ್ನೂ ಹೀರಿಕೊಳ್ಳುತ್ತದೆ. ಎರಡನ್ನೂ ಒಟ್ಟಿಗೆ ಕೊಟ್ಟು ‘ಗುಣ ಕಾಣಲಿಲ್ಲ’ ಎಂದರೆ ಆಗದು. ಇನ್ನು ನೆಲದ ಹಾಸು. ನಾವು ಹಾಸುವುದು ಭತ್ತದ ಹೊಟ್ಟು. ಕೋಳಿಗಳು ಹಿಕ್ಕೆ ಬಿದ್ದ ಹಾಸನ್ನು ಕೆದಕಿ ಕುಕ್ಕುತ್ತಲೇ ಇರುತ್ತವೆ. ಹೊರಬಿದ್ದ ಔಷಧಿ ಮತ್ತೆ ಹೊಟ್ಟೆ ಸೇರುತ್ತದೆ, ಸಲ್ಫಾದಲ್ಲಿ ಇದು ಹೆಚ್ಚು. ಮಳೆಗಾಲದಲ್ಲಿ ಹಾಸು ಒಣಗುವುದೇ ಇಲ್ಲವಾದ್ದರಿಂದ ಔಷಧಿ ಮುಗಿದ ದಿನವೇ ನೀರಿನ ಸಾಲಿನ ಕೆಳಗಿನ ಮುದ್ದೆಯನ್ನೆಲ್ಲ ಗೋರಿ ತೆಗೆದು ಹೊಸ ಹೊಟ್ಟು ಹರಡುತ್ತೇವೆ. ಭಾವ ಇದಕ್ಕೆ ಮೊದಲು ಒಪ್ಪಿರಲಿಲ್ಲ. “ಭಾವ, ಮಳೆಯಲ್ಲಿ ಒಣ ಹೊಟ್ಟು ತರುವುದೆಲ್ಲಿಂದ?” ಎಂದು ಕೇಳಿದ್ದರು. ಈಗ ಬನವಾಸಿ ಕಡೆಯಿಂದ ಬೇಸಿಗೆಯಲ್ಲೇ ತರಿಸಿ ಅಟ್ಟದಲ್ಲಿ ತುಂಬಿಡುತ್ತಾರೆ.

ಈ ಎಲ್ಲದರ ಕೊನೆಗೆ ಬರುವುದು ಕಾಯುವ ಅವಧಿ, ಅಂದರೆ ಔಷಧಿ ನಿಲ್ಲಿಸಿದ ಮೇಲೆ ಕೋಳಿ ಮಾರುವ ತನಕ ಬಿಡಬೇಕಾದ ದಿನಗಳು. 2012ರಲ್ಲಿ ತಿದ್ದುಪಡಿಯಾದ ನಿಯಮದಂತೆ ಪ್ರಾಣಿಗಳ ಔಷಧಿಯ ಲೇಬಲ್ ಮೇಲೆ ಅದು ಇರಲೇಬೇಕು. ಆ ಔಷಧಿಗೆ ಖಚಿತಪಡಿಸಿದ ಅವಧಿ ಇಲ್ಲದಿದ್ದರೆ ಮೊಟ್ಟೆ, ಹಾಲಿಗೆ 7 ದಿನಕ್ಕೂ, ಕೋಳಿ ಮಾಂಸಕ್ಕೆ 28 ದಿನಕ್ಕೂ ಕಡಿಮೆ ಇರಕೂಡದು. ನಲವತ್ತನೇ ದಿನಕ್ಕೆ ಮಾರುವ ಬ್ರಾಯ್ಲರ್‌ಗೆ 28 ದಿನ ಎಂದರೆ ಹನ್ನೆರಡನೇ ದಿನದ ನಂತರ ಆ ಔಷಧಿಯನ್ನು ಮುಟ್ಟುವಂತಿಲ್ಲ. ಲೇಬಲ್‌ನಲ್ಲಿ ಕಡಿಮೆ ಅವಧಿ ಇದ್ದರೂ ಕಡು ಬೇಸಿಗೆಯಲ್ಲಿ, ಯಕೃತ್ತು ಕೆಟ್ಟ ಬ್ಯಾಚಿನಲ್ಲಿ ನಾನು ವೈದ್ಯರನ್ನು ಕೇಳಿ ಅದಕ್ಕೂ ಮೇಲೆ ದಿನ ಸೇರಿಸುತ್ತೇನೆ. ಆ ಅವಧಿಯನ್ನು ನಿಗದಿ ಮಾಡುವುದು ಸಾಧಾರಣವಾಗಿ ಆರೋಗ್ಯವಂತ ಹಕ್ಕಿಗಳಲ್ಲಿ, ಹೇಳಿದ ಪ್ರಮಾಣದಲ್ಲೇ ಔಷಧಿ ಕೊಟ್ಟು. ಏದುಸಿರು ಬಿಡುವ, ಎರಡರಷ್ಟು ಔಷಧಿ ಕುಡಿದ ಕೋಳಿಗೆ ಅದೇ ದಿನ ಸಾಕು ಎನ್ನಲು ನನಗೆ ಧೈರ್ಯವಿಲ್ಲ.

ಕರಾವಳಿಯಲ್ಲಿ ಇದು ಕಷ್ಟವಾಗುವುದು ಜೂನ್, ಜುಲೈನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮೀನು ಕಡಿಮೆಯಾದಾಗ ಕಾರವಾರದಿಂದ ಭಟ್ಕಳದವರೆಗೆ ಕೋಳಿಗೆ ಬೇಡಿಕೆ ಏರುತ್ತದೆ. ಶೆಡ್ಡಿನಲ್ಲಿ ರೋಗ ಹೆಚ್ಚುವುದೂ, ಔಷಧಿ ಬೀಳುವುದೂ ಅದೇ ಹೊತ್ತಿನಲ್ಲಿ. ವ್ಯಾಪಾರಿ ಗಾಡಿ ತಂದು ನಿಲ್ಲಿಸಿ, “ಅಣ್ಣಾ, ಒಂದೂವರೆ ಕಿಲೋ ಇದ್ದರೂ ಪರವಾಗಿಲ್ಲ, ಇವತ್ತೇ ಎತ್ತುತ್ತೇನೆ, ದರ ಮೇಲಿದೆ” ಎನ್ನುತ್ತಾನೆ. ಮೂವತ್ತು ದಿನಕ್ಕೇ ಎತ್ತಿದರೆ ನನ್ನ ಲೆಕ್ಕವೆಲ್ಲ ನೀರಿನಲ್ಲಿ ಹೋಮ. ಅವನು ಕೊಂಡುಹೋದದ್ದು ಊರಿನ ಮಕ್ಕಳ ತಟ್ಟೆಗೇ ಹೋಗುತ್ತದೆ, ಅದರಲ್ಲೂ ಉಳಿಕೆ ಹೆಚ್ಚು ಸೇರುವ ಯಕೃತ್ತನ್ನು ನಮ್ಮವರು ಚಿಕ್ಕ ಮಕ್ಕಳಿಗೆಂದೇ ಎತ್ತಿಡುತ್ತಾರೆ.

ಅದಕ್ಕಾಗಿ ಪ್ರತಿ ಶೆಡ್ಡಿನ ಬಾಗಿಲಿಗೆ ಕಪ್ಪು ಹಲಗೆ ಹಾಕಿದ್ದೇನೆ: ಔಷಧಿಯ ಹೆಸರು, ಕೊನೆಯ ಡೋಸಿನ ದಿನಾಂಕ, ಎತ್ತಬಹುದಾದ ದಿನಾಂಕ. ವ್ಯಾಪಾರಿಗೆ ತೋರಿಸುವುದು ಆ ಹಲಗೆಯನ್ನೇ, ವಾದಕ್ಕೆ ಇಳಿಯುವುದಿಲ್ಲ. ಜೂನ್‌ನ ಬೇಡಿಕೆಗೆಂದು ಮರಿಗಳನ್ನು ಏಪ್ರಿಲ್ ಕೊನೆಯಲ್ಲೇ ಇಳಿಸುತ್ತೇನೆ. ಮರಿಗಳಿಗೆ ಮೊದಲ ವಾರ ಹೇಗೂ 32 ಡಿಗ್ರಿಯ ಬಿಸಿ ಬೇಕು, ಆ ಸೆಕೆಯಲ್ಲಿ ಕಾವು ಕೊಡುವ ಬ್ರೂಡರ್ ಖರ್ಚು ಉಳಿಯುತ್ತದೆ. ಮಳೆ ಹಿಡಿದು ಹಾಸು ಒದ್ದೆಯಾಗುವ ಹೊತ್ತಿಗೆ ಕೋಳಿಗಳು ಐದು ವಾರ ದಾಟಿರುತ್ತವೆ, ಹೆಚ್ಚಿನ ವರ್ಷಗಳಲ್ಲಿ ಆ ಬ್ಯಾಚಿನ ಹಲಗೆಯ ಮೇಲೆ ಔಷಧಿಯ ಹೆಸರನ್ನೇ ಬರೆಯಬೇಕಾಗಿ ಬರುವುದಿಲ್ಲ.