ಎಸ್‌ಇಲಿನಕ್ಸ್ ತಡೆಯಿತೋ, ಬರೀ ಚ್‌ಮಾಡ್ ತಡೆಯಿತೋ?

'ಪರ್ಮಿಷನ್ ಡಿನೈಡ್' ಕಂಡ ಕೂಡಲೇ ಎಸ್‌ಇಲಿನಕ್ಸ್ (ಲೇಬಲ್ ನೋಡಿ ತಡೆಯುವ, ಲಿನಕ್ಸ್‌ನ ಹೆಚ್ಚುವರಿ ಕಾವಲು) ಕೆಲಸ ಮಾಡುತ್ತಿದೆ ಎಂದು ಲ್ಯಾಬ್ ರೆಕಾರ್ಡ್‌ನಲ್ಲಿ ಬರೆಯಬೇಡಿ. ಲಿನಕ್ಸ್‌ನ ತಿರುಳಾದ ಕರ್ನಲ್ ಮೊದಲು ನೋಡುವುದು 'ಚ್‌ಮಾಡ್'ನಿಂದ ಕೊಡುವ ಮಾಮೂಲಿ ಫೈಲ್ ಅನುಮತಿಯನ್ನು. ಅಲ್ಲೇ ಬಾಗಿಲು ಮುಚ್ಚಿದರೆ ಎಸ್‌ಇಲಿನಕ್ಸ್‌ನ ಸರದಿಯೇ ಬರುವುದಿಲ್ಲ.

ಫೆಡೋರಾ ಲಿನಕ್ಸ್‌ನ ಒಂದು ವರ್ಚುವಲ್ ಮಷಿನ್, ಅದರಲ್ಲಿ ಅಪಾಚೆ ವೆಬ್ ಸರ್ವರ್ ಇದ್ದರೆ ಸಾಕು. ಮಷಿನ್‌ನ ಈಗಿನ ಸ್ಥಿತಿಯ ಸ್ನ್ಯಾಪ್‌ಶಾಟ್ ತೆಗೆದಿಡಿ, ಏನಾದರೂ ಕೆಟ್ಟರೆ ಅದಕ್ಕೇ ಮರಳಬಹುದು. ಕಲಬುರಗಿಯ ಬೇಸಿಗೆಯಲ್ಲಿ ಲ್ಯಾಬಿನ ಯುಪಿಎಸ್ ನಂಬಿ ಪೂರ್ತಿ ಡಿಸ್ಕ್‌ಗೆ ಮತ್ತೆ ಲೇಬಲ್ ಹಚ್ಚಲು ಕೂರುವುದಕ್ಕಿಂತ ಇದೇ ಸಲೀಸು. 'ಎಸ್‌ಇಸ್ಟೇಟಸ್' ಕೊಟ್ಟಾಗ ಎನ್‌ಫೋರ್ಸಿಂಗ್ (ತಡೆ ಜಾರಿಯಲ್ಲಿದೆ) ಎಂದು ಬರಬೇಕು.

ರೂಟ್ ಆಗಿ, ರೂಟ್‌ನ ಹೋಮ್ ಫೋಲ್ಡರ್‌ನಲ್ಲಿ ಒಂದು ಎಚ್‌ಟಿಎಂಎಲ್ ಫೈಲ್ ಮಾಡಿ, ಅನುಮತಿ 644 (ಎಲ್ಲರೂ ಓದಬಹುದು) ಕೊಟ್ಟು, 'ಎಂವಿ'ಯಿಂದ ಅಪಾಚೆಯ ಫೋಲ್ಡರ್‌ಗೆ ಸರಿಸಿ. 'ಸಿಪಿ' ಬೇಡ: ನಕಲಾದ ಫೈಲ್ ಹೊಸ ಫೋಲ್ಡರ್‌ಗೆ ತಕ್ಕ ಲೇಬಲ್ ಪಡೆಯುತ್ತದೆ, ಪರೀಕ್ಷೆ ಅಲ್ಲಿಗೇ ಕೆಟ್ಟಿತು. ಸರಿಸಿದ ಫೈಲ್‌ಗೆ ರೂಟ್‌ನ ಹೋಮ್ ಫೋಲ್ಡರ್‌ನ ಹಳೆಯ ಲೇಬಲ್ ಅಡ್ಮಿನ್_ಹೋಮ್_ಟಿ ಉಳಿದಿರುತ್ತದೆ; 'ಎಲ್‌ಎಸ್ -ಝಡ್'ನಲ್ಲಿ ನೋಡಿಕೊಳ್ಳಿ. ಈಗ 'ಕರ್ಲ್'ನಿಂದ ಆ ಪುಟ ಕೇಳಿದರೆ 403 (ನಿರಾಕರಣೆ). 'ಎಯುಸರ್ಚ್ -ಎಂ ಎವಿಸಿ -ಟಿಎಸ್ ರೀಸೆಂಟ್' ಕೊಟ್ಟರೆ ಎಸ್‌ಇಲಿನಕ್ಸ್ ತಡೆಯ ದಾಖಲೆಯಲ್ಲಿ (ಎವಿಸಿ) ಕೇಳಿದ್ದು ಎಚ್‌ಟಿಟಿಪಿಡಿ_ಟಿ (ಅಪಾಚೆಯ ಲೇಬಲ್), ಫೈಲ್ ಅಡ್ಮಿನ್_ಹೋಮ್_ಟಿ, ಕೊನೆಯಲ್ಲಿ ಪರ್ಮಿಸಿವ್=0 (ಅಂದರೆ ನಿಜಕ್ಕೂ ತಡೆದಿದೆ) ಎಂಬ ಸಾಲು ಸಿಗಬೇಕು.

ಇಷ್ಟಕ್ಕೇ ನಿಲ್ಲಿಸಬೇಡಿ. 'ಸೆಟ್‌ಎನ್‌ಫೋರ್ಸ್ 0' ಮಾಡಿ (ಈಗ ಎಸ್‌ಇಲಿನಕ್ಸ್ ತಡೆಯದೆ ಬರೀ ದಾಖಲಿಸುತ್ತದೆ) ಮತ್ತೆ ಕೇಳಿ: 200 (ಪುಟ ಸಿಕ್ಕಿತು) ಬಂದು, ಲಾಗ್‌ನಲ್ಲಿ ಪರ್ಮಿಸಿವ್=1 ಕಂಡರೆ ತಡೆದದ್ದು ಎಸ್‌ಇಲಿನಕ್ಸ್‌ನ ನಿಯಮಗಳ ಪಟ್ಟಿ, ಅಂದರೆ ಪಾಲಿಸಿಯೇ. 'ಸೆಟ್‌ಎನ್‌ಫೋರ್ಸ್ 1'ಕ್ಕೆ ಮರಳಿ, ಫೈಲ್‌ಗೆ ಸರಿಯಾದ ಲೇಬಲ್ ಹಚ್ಚುವ 'ರಿಸ್ಟೋರ್‌ಕಾನ್ -ವಿ' ಹಾಕಿದರೆ ಎನ್‌ಫೋರ್ಸಿಂಗ್‌ನಲ್ಲೂ 200. ಆಮೇಲೆ ಲೇಬಲ್ ಸರಿಯಿದ್ದಂತೆಯೇ ಅನುಮತಿ 000 (ಯಾರಿಗೂ ಇಲ್ಲ) ಮಾಡಿ: ಮತ್ತೆ 403, ಆದರೆ ಎವಿಸಿ ಸಾಲಿಲ್ಲ. ಈ ಕೊನೆಯದನ್ನು ಬಿಡುವವರೇ ಹೆಚ್ಚು. ಎರಡು ತಡೆಗಳ ವ್ಯತ್ಯಾಸ ತೋರುವುದು ಇದೇ.

ನಿಮ್ಮ ಶೆಲ್‌ನಿಂದ 'ಕ್ಯಾಟ್' ಮಾಡಿ "ಓದಲು ಬಂತಲ್ಲ" ಎನ್ನಬೇಡಿ. ಶೆಲ್ ಓಡುವುದು ಅನ್‌ಕನ್‌ಫೈನ್ಡ್_ಟಿ ಲೇಬಲ್‌ನಲ್ಲಿ, ಅದಕ್ಕೆ ಹೆಚ್ಚುಕಡಿಮೆ ಎಲ್ಲವೂ ಮುಕ್ತ. ಅನುಮತಿ ಸರಿಯಿದ್ದೂ ತಡೆಯಾಗಿ, ಲಾಗ್ ಬಾರದಿದ್ದರೆ ಅದನ್ನು ಬರೆಯುವ ಆಡಿಟ್ ಸೇವೆ ಓಡುತ್ತಿದೆಯೇ ನೋಡಿ. ಓಡುತ್ತಿದ್ದರೆ ಪಾಲಿಸಿಯ ಡೋಂಟ್‌ಆಡಿಟ್ ('ದಾಖಲಿಸಬೇಡ') ನಿಯಮ ಮುಚ್ಚಿಟ್ಟಿರಬಹುದು. 'ಎಸ್‌ಇಮಾಡ್ಯೂಲ್ -ಡಿಬಿ' ಅದನ್ನು ತೆರೆಯುತ್ತದೆ, '-ಬಿ' ಮತ್ತೆ ಮುಚ್ಚುತ್ತದೆ. ಲಾಗ್ ನೋಡಿ ಅನುಮತಿ ನಿಯಮ ಬರೆದುಕೊಡುವ 'ಆಡಿಟ್2ಅಲೌ' ಕೊಟ್ಟ ನಿಯಮವನ್ನು ಓದದೆ ಸೇರಿಸಿದರೆ ಅಡ್ಮಿನ್_ಹೋಮ್_ಟಿ ಲೇಬಲ್‌ನ ಫೈಲ್‌ಗಳೆಲ್ಲ ಎಸ್‌ಇಲಿನಕ್ಸ್ ಕಡೆಯಿಂದ ಅಪಾಚೆಗೆ ತೆರೆದಂತೆ. ಇಲ್ಲಿ ತಪ್ಪಿರುವುದು ಲೇಬಲ್, ಪಾಲಿಸಿಯಲ್ಲ.

ಕರ್ನಲ್ ಕೋಡನ್ನೇ ತಿದ್ದಿದವರಿಗೆ ಇದು ಸಾಲದು. ಎಸ್‌ಇಲಿನಕ್ಸ್-ಟೆಸ್ಟ್‌ಸೂಟ್ ಎಂಬ ಸಿದ್ಧ ಪರೀಕ್ಷೆಗಳ ಕಟ್ಟು ಇಳಿಸಿಕೊಂಡು, ರೂಟ್ ಆಗಿ, ಎನ್‌ಫೋರ್ಸಿಂಗ್‌ನಲ್ಲೇ 'ಮೇಕ್ ಟೆಸ್ಟ್' ಓಡಿಸಿ. ಅದು ತನ್ನದೇ ಪರೀಕ್ಷಾ ಪಾಲಿಸಿಯನ್ನು ಲೋಡ್ ಮಾಡುವುದರಿಂದ ಕಾಲೇಜಿನ ಸರ್ವರ್ ಮೇಲೆ ಮುಟ್ಟಲೇಬೇಡಿ.