ಹಿಂಗಾರಿನ ದಿನಗಳಲ್ಲಿ ಕರಾವಳಿಯ ಹವಾಮಾನ ಮುನ್ಸೂಚನೆಯನ್ನು ಓದುವುದು ಹೇಗೆ?

ದೀಪಾವಳಿ ಕಳೆದು, ಮೊದಲ ಕೊಯ್ಲಿನ ಅಡಿಕೆ ಅಂಗಳಕ್ಕೆ ಬರುವ ಹೊತ್ತಿಗೆ ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡದ ಮನೆಗಳಲ್ಲಿ ದಿನಕ್ಕೆ ಹತ್ತು ಬಾರಿ ಕೇಳಿಬರುವ ಪ್ರಶ್ನೆ ಒಂದೇ: ಇವತ್ತು ಮಳೆ ಬರುತ್ತದೆಯೇ? ಮುನ್ಸೂಚನೆ ಈಗ ಎಲ್ಲರ ಮೊಬೈಲಿನಲ್ಲಿಯೂ ಇದೆ. ಆದರೆ ಜೂನ್ ತಿಂಗಳಲ್ಲಿ ಅದನ್ನು ಓದುವ ರೀತಿಯಲ್ಲಿಯೇ ನವೆಂಬರಿನಲ್ಲಿಯೂ ಓದಿದರೆ ಅಡಿಕೆ ನೆನೆಯುತ್ತದೆ, ಕೊಯ್ದ ಭತ್ತ ಗದ್ದೆಯಲ್ಲಿಯೇ ಮೊಳಕೆಯೊಡೆಯುತ್ತದೆ. ಏಕೆಂದರೆ ಈ ಕಾಲದಲ್ಲಿ ಮಳೆ ಬರುವ ದಿಕ್ಕೂ ಹೊತ್ತೂ ಎರಡೂ ಬೇರೆ.

ಮುಂಗಾರಿನಲ್ಲಿ ಮೋಡ ಕಡಲಿನಿಂದ ಬರುತ್ತದೆ. ಪಡುವಣ ದಿಕ್ಕು ಕಪ್ಪಾದರೆ ಸಾಕು, ಹೇಳುವುದಕ್ಕೆ ಬೇರೇನೂ ಉಳಿದಿರುವುದಿಲ್ಲ. ಅಕ್ಟೋಬರ್ ಮಧ್ಯದ ಹೊತ್ತಿಗೆ ನೈರುತ್ಯ ಮಾರುತ ಹಿಂದೆ ಸರಿದ ಮೇಲೆ ಮೇಲಿನ ಗಾಳಿ ಮೂಡಣದಿಂದ ಬೀಸತೊಡಗುತ್ತದೆ. ಹಗಲಿನಲ್ಲಿ ಕಡಲಗಾಳಿ ಹೊತ್ತು ತಂದ ತೇವ ಘಟ್ಟದ ಬುಡದಲ್ಲಿ ಮೇಲೇರಿ, ಮಧ್ಯಾಹ್ನ ಎರಡು ಮೂರು ಗಂಟೆಯ ವೇಳೆಗೆ ಚಾರ್ಮಾಡಿ, ಶಿರಾಡಿ, ಆಗುಂಬೆಯ ಮೇಲೆ ಹೂಕೋಸಿನಂಥ ಬಿಳಿ ಮೋಡವಾಗಿ ನಿಲ್ಲುತ್ತದೆ. ಮೂಡಣ ಗಾಳಿ ಅದನ್ನು ಸಂಜೆಯ ಹೊತ್ತಿಗೆ ಕರಾವಳಿಯ ಕಡೆಗೆ ತಳ್ಳಿದರೆ ಗುಡುಗು, ಸಿಡಿಲು, ಅರ್ಧ ಗಂಟೆಯ ಬಿರುಸು ಮಳೆ. ಆದುದರಿಂದ ಈ ಕಾಲದಲ್ಲಿ ಮುನ್ಸೂಚನೆ ಓದುವವರು ಮೊದಲು ರೂಢಿಸಿಕೊಳ್ಳಬೇಕಾದದ್ದು ಮಧ್ಯಾಹ್ನದ ಊಟ ಮುಗಿಸಿ ಒಮ್ಮೆ ಮೂಡಣಕ್ಕೆ ತಿರುಗಿ ನೋಡುವ ಅಭ್ಯಾಸ. ಮೋಡದ ತಲೆ ಅಣಬೆಯಂತೆ ಚಪ್ಪಟೆಯಾಗಿ ಹರಡಿ, ಬುಡ ನೀಲಿಗಪ್ಪಾಗಿದ್ದರೆ ಮೊಬೈಲು ಏನೇ ಹೇಳಲಿ, ಟಾರ್ಪಾಲು ಕೈಗೆಟಕುವಲ್ಲಿ ಇರಲಿ.

ಇನ್ನು ಬಣ್ಣಗಳ ವಿಚಾರ. ಹವಾಮಾನ ಇಲಾಖೆ ಜಿಲ್ಲೆಗಳಿಗೆ ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ನಾಲ್ಕು ಬಣ್ಣಗಳನ್ನು ಕೊಡುತ್ತದೆ. ಹಸಿರೆಂದರೆ ಎಚ್ಚರಿಕೆಯಿಲ್ಲ, ಹಳದಿಯೆಂದರೆ ಗಮನವಿಡಿ, ಕಿತ್ತಳೆಯೆಂದರೆ ಸಿದ್ಧರಾಗಿ, ಕೆಂಪೆಂದರೆ ಕ್ರಮ ಕೈಗೊಳ್ಳಿ. ಇದು ಮಳೆಯಿಂದ ಆಗಬಹುದಾದ ಅಪಾಯದ ಅಳತೆಯೇ ಹೊರತು ಮಳೆ ಇದೆಯೋ ಇಲ್ಲವೋ ಎಂಬುದರ ಉತ್ತರವಲ್ಲ. 24 ಗಂಟೆಗಳಲ್ಲಿ 64.5 ಮಿಲಿಮೀಟರಿನಿಂದ 115.5 ಮಿಲಿಮೀಟರಿನವರೆಗೆ ಬಿದ್ದರೆ ‘ಭಾರಿ ಮಳೆ’, 204.4ರವರೆಗೆ ‘ಅತಿ ಭಾರಿ’, ಅದಕ್ಕೂ ಮೇಲೆ ‘ಅತ್ಯಂತ ಭಾರಿ’. ‘ಭಾರಿ ಮಳೆ’ಗಿಂತ ಕೆಳಗಿನ 15.6ರಿಂದ 64.4 ಮಿಲಿಮೀಟರ್ ಬರಿಯ ‘ಸಾಧಾರಣ ಮಳೆ’, ಮತ್ತು ಸಾಧಾರಣ ಮಳೆಯ ದಿನ ಹಸಿರಾಗಿಯೇ ಇರಬಹುದು.

ಇದು ನನಗೆ ಅರ್ಥವಾದದ್ದು ಒಂದು ನವೆಂಬರಿನ ಸಂಜೆ. ಜಿಲ್ಲೆಯ ಬಣ್ಣ ಹಸಿರೆಂದು ನಂಬಿ, ಹದಿನೈದು ದಿನ ಒಣಗಿದ್ದ ಅಡಿಕೆಯನ್ನು ಅಂಗಳದಲ್ಲಿ ಬಿಟ್ಟು ಪೇಟೆಗೆ ಹೋಗಿದ್ದೆ. ಮರಳಿ ಬರುವಾಗ ಅಂಗಳದ ನೀರು ಮೆಟ್ಟಿಲಿನವರೆಗೆ ನಿಂತಿತ್ತು, ಅಡಿಕೆ ಅಂಚಿನ ಚರಂಡಿಗೆ ತೇಲಿಕೊಂಡು ಹೋಗಿ ರಾಶಿ ಬಿದ್ದಿತ್ತು. ಲೆಕ್ಕ ಹಾಕಿದರೆ ಆಶ್ಚರ್ಯವೇನೂ ಇಲ್ಲ: ಒಂದು ಮಿಲಿಮೀಟರ್ ಮಳೆಯೆಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಅಂಗಳಕ್ಕೆ 40 ಮಿಲಿಮೀಟರ್ ಬಿದ್ದರೆ ನಾಲ್ಕು ಸಾವಿರ ಲೀಟರ್. ಮುನ್ಸೂಚನೆ ತಪ್ಪಿರಲಿಲ್ಲ, ನಾನು ಬಣ್ಣ ನೋಡಿದ್ದೆ, ಅದರ ಕೆಳಗಿನ ವಾಕ್ಯವನ್ನು ಓದಿರಲಿಲ್ಲ.

ಆ ವಾಕ್ಯದಲ್ಲಿ ಬರುವ ಕೆಲವು ಮಾತುಗಳಿಗೆ ನಿಶ್ಚಿತ ಅರ್ಥವಿದೆ. ‘ಕರಾವಳಿಯ ಒಂದೆರಡು ಕಡೆ’ ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚಿಲ್ಲದಷ್ಟು ಕಡೆ. ‘ಕೆಲವು ಕಡೆ’ ಎಂದರೆ ಅರ್ಧದವರೆಗೆ. ‘ಹಲವು ಕಡೆ’ ಎಂದರೆ ಮುಕ್ಕಾಲು ಭಾಗದವರೆಗೆ. ‘ಬಹುತೇಕ ಕಡೆ’ ಎಂದರೆ ಅದಕ್ಕೂ ಹೆಚ್ಚು. ಇದು ಮಳೆ ಎಷ್ಟು ವಿಸ್ತಾರಕ್ಕೆ ಹರಡುತ್ತದೆ ಎಂಬುದರ ಅಳತೆ; ಎಷ್ಟು ಜೋರಾಗಿ ಬರುತ್ತದೆ ಎಂಬುದು ಬೇರೆಯೇ ವಿಚಾರ. ಹಿಂಗಾರಿನಲ್ಲಿ ‘ಒಂದೆರಡು ಕಡೆ’ ಎಂಬ ಮಾತೇ ಹೆಚ್ಚು ಅಪಾಯಕಾರಿ ಎಂದು ನನ್ನ ಅಭಿಪ್ರಾಯ, ಏಕೆಂದರೆ ಪಕ್ಕದೂರಿನಲ್ಲಿ ಧೂಳು ಹಾರುತ್ತಿರುವಾಗ ನಮ್ಮೂರಿನಲ್ಲಿ ತೋಡು ತುಂಬಿ ಹರಿಯುವುದು ಈ ಕಾಲದ ಗುಣ. ‘ಗುಡುಗು ಸಹಿತ’ ಎಂಬ ಪದವಿದ್ದರೆ ಮಳೆ ಬಹುಶಃ ಮಧ್ಯಾಹ್ನದ ನಂತರ ಎಂದು ತಿಳಿದು, ಹರಡುವ ಕೆಲಸವನ್ನು ಬೆಳಗ್ಗೆ ಬೇಗ ಮುಗಿಸಿ ನಾಲ್ಕು ಗಂಟೆಯೊಳಗೆ ರಾಶಿ ಮಾಡಿ ಮುಚ್ಚುವುದು ಲೇಸು. ಇಲಾಖೆಯ ದಿನವು ಬೆಳಗ್ಗೆ 8.30ಕ್ಕೆ ಆರಂಭವಾಗಿ ಮರುದಿನ ಬೆಳಗ್ಗೆ 8.30ಕ್ಕೆ ಮುಗಿಯುತ್ತದೆ ಎಂಬುದನ್ನೂ ಮರೆಯಬಾರದು. ‘ಮಂಗಳವಾರದ ಮಳೆ’ ಬುಧವಾರದ ನಸುಕಿನಲ್ಲಿ ಬಂದರೂ ಮುನ್ಸೂಚನೆ ಸರಿಯೇ.

ಯಾವ ಕೆಲಸಕ್ಕೆ ಎಷ್ಟು ದೂರದ ಮುನ್ಸೂಚನೆ ಬೇಕು ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು. ಭತ್ತ ಕೊಯ್ದು, ಒಣಗಿಸಿ, ಬಡಿದು ಒಳಗೆ ಹಾಕುವುದಕ್ಕೆ ಮೂರು ನಾಲ್ಕು ಒಣ ದಿನಗಳು ಬೇಕು. ಅದಕ್ಕೆ ಐದು ದಿನಗಳ ಜಿಲ್ಲಾವಾರು ಮುನ್ಸೂಚನೆ ಮತ್ತು ಮಂಗಳವಾರ, ಶುಕ್ರವಾರಗಳಂದು ಬರುವ ಕೃಷಿ ಹವಾಮಾನ ಸಲಹೆ ಸಾಕು. ಸಲಹೆಯನ್ನು ಮೇಘದೂತ್ ಆ್ಯಪ್‌ನಲ್ಲಿ ಕನ್ನಡದಲ್ಲಿಯೇ ಓದಬಹುದು. ಕೊಯ್ಲು ಯಂತ್ರವನ್ನು ಯಾವ ವಾರಕ್ಕೆ ಗೊತ್ತುಮಾಡಬೇಕು ಎಂಬಂಥ ಪ್ರಶ್ನೆಗೆ ಪ್ರತಿ ಗುರುವಾರ ಹೊರಬರುವ ವಿಸ್ತೃತ ಮುನ್ಸೂಚನೆಯ ಮೊದಲ ಎರಡು ವಾರಗಳನ್ನು ನೋಡಬಹುದು, ಆದರೆ ಅದನ್ನು ದಿನಗಳಿಗೆ ಒಡೆದು ಓದಬಾರದು. ಹಣ್ಣಡಿಕೆಯನ್ನು ಸಿಪ್ಪೆಸಹಿತ ಒಣಗಿಸಿ ಮಾಡುವ ಚಾಲಿ ಅಡಿಕೆಗೆ ನಲವತ್ತಕ್ಕೂ ಹೆಚ್ಚು ದಿನಗಳ ಬಿಸಿಲು ಬೇಕಾದುದರಿಂದ ಯಾವ ಮುನ್ಸೂಚನೆಯೂ ಅಷ್ಟು ದೂರ ತಲುಪುವುದಿಲ್ಲ. ಅಲ್ಲಿ ದಿನದಿನದ ಎಚ್ಚರ, ಇಲ್ಲವೇ ಪ್ಲಾಸ್ಟಿಕ್ ಹೊದಿಕೆಯ ಸೋಲಾರ್ ಗೂಡು.

ಪತ್ರಿಕೆಗಳಲ್ಲಿ ಅಕ್ಟೋಬರ್ ಆರಂಭದಲ್ಲಿ ಬರುವ ‘ಈ ಬಾರಿ ಹಿಂಗಾರು ವಾಡಿಕೆಗಿಂತ ಹೆಚ್ಚು’ ಎಂಬ ತಲೆಬರಹವನ್ನು ಕರಾವಳಿಯವರು ತುಸು ಜೋಪಾನವಾಗಿ ಓದಬೇಕು. ಆ ಋತುಮಾನದ ಅಂದಾಜು ತಮಿಳುನಾಡು, ಕರಾವಳಿ ಆಂಧ್ರ, ರಾಯಲಸೀಮೆ, ಕೇರಳ ಮತ್ತು ದಕ್ಷಿಣ ಒಳನಾಡು ಕರ್ನಾಟಕ ಎಂಬ ಐದು ವಿಭಾಗಗಳನ್ನು ಒಟ್ಟಾಗಿ ಕುರಿತದ್ದು. ನಮ್ಮ ಕರಾವಳಿ ಅದರಲ್ಲಿ ಸೇರಿಲ್ಲ. ನಮಗೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬೀಳುವುದು ಸುಮಾರು 260 ಮಿಲಿಮೀಟರ್, ಮುಂಗಾರಿನ 3,000ಕ್ಕೂ ಮೀರಿದ ಮಳೆಯ ಮುಂದೆ ಅಲ್ಪವೇ. ಆದರೆ ಅದು ಬೀಳುವುದು ಬೆಳೆ ಕೈಗೆ ಬರುವ ಹೊತ್ತಿನಲ್ಲಿ.

ವಾಯುಭಾರ ಕುಸಿತದ ಸುದ್ದಿ ಬಂದಾಗ ಅದು ಯಾವ ಕಡಲಿನಲ್ಲಿ ಎಂಬುದಕ್ಕಿಂತ ಅದರ ಪಥ ಯಾವುದು ಎಂದು ಕೇಳಬೇಕು. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ಪುದುಚೇರಿಯ ಬಳಿ ನೆಲ ಮುಟ್ಟಿದಾಗ ಇಲ್ಲಿ ಅನೇಕರು ಅದನ್ನು ಬಂಗಾಳ ಕೊಲ್ಲಿಯ ವಿಷಯವೆಂದು ಬಿಟ್ಟಿದ್ದರು. ದುರ್ಬಲಗೊಂಡ ಅದೇ ವ್ಯವಸ್ಥೆ ಪರ್ಯಾಯ ದ್ವೀಪವನ್ನು ದಾಟಿ ಬಂದು ಡಿಸೆಂಬರ್ ಮೊದಲ ದಿನಗಳಲ್ಲಿ ದಕ್ಷಿಣ ಕನ್ನಡ, ಉಡುಪಿಯಲ್ಲಿ ಭಾರಿ ಮಳೆ ಸುರಿಸಿತು. 2019ರ ಅಕ್ಟೋಬರಿನ ಕ್ಯಾರ್ ಇದಕ್ಕೆ ವಿರುದ್ಧ ಪಾಠ ಕಲಿಸಿತು. ಅದು ಅರಬ್ಬೀ ಸಮುದ್ರದಲ್ಲಿ ಇನ್ನೂ ವಾಯುಭಾರ ಕುಸಿತವಾಗಿ ನಮಗೆ ಹತ್ತಿರವಿದ್ದಾಗ ಕರಾವಳಿಯಲ್ಲಿ ಬಿರುಸಿನ ಮಳೆಯಾಯಿತು; ಅದು ಸೂಪರ್ ಚಂಡಮಾರುತವೆಂದು ದೊಡ್ಡ ಸುದ್ದಿಯಾಗುವ ಹೊತ್ತಿಗೆ ಪಡುವಣಕ್ಕೆ ದೂರ ಸರಿದಿತ್ತು. ಹೆಸರಿಟ್ಟ ಮೇಲೆ ಎಚ್ಚರಗೊಳ್ಳುವುದು ತಡವಾದೀತು.

ಮೀನುಗಾರರ ಮಟ್ಟಿಗೆ ಈ ಮಾತು ಇನ್ನೂ ಗಂಭೀರ. ಮಲ್ಪೆ, ಗಂಗೊಳ್ಳಿ, ಮಂಗಳೂರಿನಿಂದ ಹೊರಡುವ ಆಳಸಮುದ್ರದ ಬೋಟುಗಳು ವಾರಕ್ಕೂ ಹೆಚ್ಚು ಕಾಲ ಕಡಲಿನಲ್ಲಿ ಇರುತ್ತವೆ. 2017ರ ನವೆಂಬರ್ 29ರಂದು ಕನ್ಯಾಕುಮಾರಿಯ ಆಚೆ ವಾಯುಭಾರ ಕುಸಿತವಾಗಿದ್ದ ಒಖಿ ಒಂದೇ ದಿನದೊಳಗೆ ಚಂಡಮಾರುತವಾಯಿತು. ಅಷ್ಟರಲ್ಲಿ ದೂರ ಹೋಗಿದ್ದ ದೋಣಿಗಳಿಗೆ ಸುದ್ದಿ ತಲುಪಲಿಲ್ಲ. ಆದ್ದರಿಂದ ಹೊರಡುವ ದಿನದ ಗಾಳಿಯನ್ನಷ್ಟೇ ನೋಡದೆ, ಹಿಂದಿರುಗುವ ದಿನದವರೆಗೂ ಅರಬ್ಬೀ ಸಮುದ್ರ ಮತ್ತು ಲಕ್ಷದ್ವೀಪದ ಸುತ್ತ ವಾಯುಭಾರ ಕುಸಿತ ಉಂಟಾಗುವ ಸಾಧ್ಯತೆಯಿದೆಯೇ ಎಂದು ನೋಡಲೇಬೇಕು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅಲೆಯ ಎತ್ತರವನ್ನೂ ಗಾಳಿಯ ವೇಗವನ್ನೂ ಮುಂಚಿತವಾಗಿ ತಿಳಿಸುತ್ತದೆ. ‘ಕಡಲಿಗೆ ಇಳಿಯಬಾರದು’ ಎಂಬ ಸೂಚನೆ ಬಂದ ದಿನ ದಡದಲ್ಲಿ ಬಿಸಿಲಿದ್ದರೂ ಬೋಟು ದಕ್ಕೆಯಲ್ಲಿಯೇ ಇರಲಿ.

ಕೊನೆಯದಾಗಿ ಸಿಡಿಲು. ಇದಕ್ಕೆ ದಿನದ ಮುನ್ಸೂಚನೆ ಸಾಲದು. ಮೂರು ಗಂಟೆಗಳ ಅವಧಿಗೆ ಹೊರಡುವ ತಕ್ಷಣದ ಮುನ್ಸೂಚನೆ ಮತ್ತು ದಾಮಿನಿ ಆ್ಯಪ್ ನೋಡಬೇಕು. ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತು ಎಣಿಸುವಷ್ಟು ಸಮಯವೂ ಇಲ್ಲದಿದ್ದರೆ ಟಾರ್ಪಾಲು ಎಳೆಯುವುದಕ್ಕೂ ಅಂಗಳಕ್ಕೆ ಇಳಿಯಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಒಳಗೇ ಇದ್ದು, ಅಡಿಕೆ ನೆನೆದರೆ ನೆನೆಯಲಿ ಎಂದು ಬಿಟ್ಟುಬಿಡಿ. ಮರುದಿನ ಮತ್ತೆ ಹರಡಬಹುದು.